ಕಾಸರಗೋಡಿನ ಕಡಲೂರುಗಳ ಚರಿತ್ರೆ ಹುಡುಕುವುದು ಹೇಗೆ? ಹಳೆಯ ಗೋಡೆ, ಹಂಚು, ಕಾಗದ ಓದುವವರಿಗೊಂದು ಮಾರ್ಗದರ್ಶಿ

"ಬೇಕಲ ಕೋಟೆ ನೋಡಿದ್ದಾಯ್ತು. ಇನ್ನು ನಮ್ಮೂರಲ್ಲಿ ನೋಡೋದಕ್ಕೆ ಏನಿದೆ?" ಮಂಜೇಶ್ವರದಿಂದ ಹೊಸದುರ್ಗದವರೆಗಿನ (ಕಾಞಂಗಾಡಿನ ಹೊಸದುರ್ಗ) ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಊರಿನ ಚರಿತ್ರೆ ಬರೆಯಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಎರಡಕ್ಕೂ ನನ್ನ ಉತ್ತರ ಒಂದೇ. ಕೋಟೆಯಿಂದ ಶುರು ಮಾಡಬೇಡಿ. ಕಡವು (ದೋಣಿ ದಾಟುತ್ತಿದ್ದ ಜಾಗ), ಬಾವಿ, ಮಾಡಿನ (ಛಾವಣಿಯ) ಹಂಚು, ಕಪಾಟಿನಲ್ಲಿರುವ ಹಳೆಯ ಕಾಗದ, ಇವುಗಳಿಂದ ಶುರು ಮಾಡಿ. ಕೋಟೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮೂರ ಕಡವಿನ ಬಗ್ಗೆ ಬರೆಯಲು ನೀವೊಬ್ಬರೇ.

ಕನ್ನಡ ಓದಲು ಬರುವವರಿಗೆ ಇಲ್ಲೊಂದು ಅನುಕೂಲ ಇದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಜಾಗೆಯ ಪತ್ರ, ಗೇಣಿಚೀಟಿ, ಶಾಲೆಯ ಪುಸ್ತಕ, ದೇವಸ್ಥಾನದ ಲೆಕ್ಕ ಎಲ್ಲ ಹೆಚ್ಚಾಗಿ ಕನ್ನಡದಲ್ಲೇ ಇವೆ. ಎಷ್ಟೋ ಮನೆಗಳಲ್ಲಿ ಕಾಗದ ಉಂಟು, ಓದುವವರು ಇಲ್ಲ. ಮಕ್ಕಳು ಮಲಯಾಳಂ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರು. ನೀವು ಹೋಗಿ ಕೂತು ಓದಿ ಹೇಳಿದರೆ ಆ ಮನೆಯವರೇ ನಿಮಗೆ ಇನ್ನೆರಡು ಮನೆ ತೋರಿಸುತ್ತಾರೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಕ್ಯಾಮೆರಾ ಇರುವ ಫೋನು, ದಪ್ಪ ರಟ್ಟಿನ ನೋಟ್‌ಬುಕ್ಕು, ಪೆನ್ಸಿಲು (ಬೆವರಿಗೆ ಪೆನ್ನಿನ ಶಾಯಿ ಕದಡುತ್ತದೆ), ಅಳತೆ ಟೇಪು, ಟಾರ್ಚು, ನೀರು. ಕಾಲಿಗೆ ಒಳ್ಳೆ ಹಿಡಿತದ ಚಪ್ಪಲಿ. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು ಯಾರನ್ನೂ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಕೆಲಸ ಮಾಡಿ. ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ ತಿರುಗಾಟ.

1. ಮೊದಲು ಕಾಲದ ಸಾಲು ಗೊತ್ತಿರಲಿ

ಇಷ್ಟು ಮನಸ್ಸಿನಲ್ಲಿದ್ದರೆ ಸಾಕು. ವಿಜಯನಗರದ ಕಾಲದಲ್ಲಿ ಮತ್ತು ಆಮೇಲೆ ಇಲ್ಲಿ ಕುಂಬಳೆ ಸೀಮೆಯ ಅರಸರು. ಮಾಯಿಪ್ಪಾಡಿ ಅರಮನೆ ಆ ಮನೆತನದ್ದು. 17ನೇ ಶತಮಾನದಲ್ಲಿ ಕೆಳದಿಯ ನಾಯಕರು ಬಂದು ಕರಾವಳಿ ಉದ್ದಕ್ಕೂ ಕೋಟೆ ಕಟ್ಟಿದರು. ಬೇಕಲ, ಚಂದ್ರಗಿರಿ ಎರಡೂ ಶಿವಪ್ಪ ನಾಯಕನ ಹೆಸರಿಗೆ ಸೇರುತ್ತವೆ. 1763ರಲ್ಲಿ ಹೈದರಾಲಿ ಕೆಳದಿಯನ್ನು ಗೆದ್ದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಕೈಗೆ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು. 1956ರಲ್ಲಿ ಕೇರಳ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆ.

ಇದು ಯಾಕೆ ಬೇಕು ಅಂದರೆ, ನಮ್ಮಲ್ಲಿ ಯಾವ ಹಳೆ ಗೋಡೆ ತೋರಿಸಿದರೂ "ಟಿಪ್ಪು ಕಟ್ಟಿಸಿದ್ದು" ಎನ್ನುವವರು ಸಿಗುತ್ತಾರೆ. ಯಾವ ಒಡೆದ ಗೋಡೆ ತೋರಿಸಿದರೂ "ಟಿಪ್ಪು ಒಡೆದದ್ದು" ಎನ್ನುವವರೂ ಸಿಗುತ್ತಾರೆ. ಬೇಕಲ ಕೋಟೆ ಎದ್ದದ್ದು 1650ರ ಸುಮಾರಿಗೆ, ಟಿಪ್ಪು ಹುಟ್ಟುವ ನೂರು ವರ್ಷ ಮೊದಲು. ಯಾರೊಂದಿಗೂ ವಾದ ಮಾಡಬೇಡಿ. ಕೇಳಿದ್ದನ್ನು ಬರೆದುಕೊಳ್ಳಿ, ಪಕ್ಕದಲ್ಲಿ "ಹೇಳಿಕೆ" ಎಂದು ಗುರುತು ಹಾಕಿ.

2. ನೀರಿನ ಕಡೆಯಿಂದ ನಡೆಯಿರಿ

ಈಗ ನಾವು ಊರಿಗೆ ಹೆದ್ದಾರಿಯಿಂದ ಇಳಿಯುತ್ತೇವೆ. ಹಿಂದೆ ಜನ, ಅಕ್ಕಿ, ಉಪ್ಪು, ಹಂಚು ಎಲ್ಲ ಬರುತ್ತಿದ್ದದ್ದು ಹೊಳೆಯಲ್ಲಿ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಹೀಗೆ ಹೊಳೆಯಿಂದ ಹೊಳೆಗೆ ಊರುಗಳು ಬೆಳೆದವು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿ ಕಂಡ ಪೋರ್ಚುಗೀಸ್ ಬಾರ್ಬೋಸ, ಕುಂಬಳೆಯಿಂದ ಮಾಲ್ಡೀವ್ಸ್‌ಗೆ ಅಕ್ಕಿ ಹೋಗುತ್ತಿತ್ತು, ಬದಲಿಗೆ ತೆಂಗಿನ ನಾರು ಬರುತ್ತಿತ್ತು ಎಂದು ಬರೆದಿದ್ದಾನೆ. ಇವತ್ತು ಕುಂಬಳೆ ಪೇಟೆಯಲ್ಲಿ ನಿಂತರೆ ಅದು ನಂಬಲಿಕ್ಕೇ ಕಷ್ಟ. ಹೊಳೆಬಾಯಿಗೆ ಹೋಗಿ ನಿಂತರೆ ನಂಬಬಹುದು.

ಹಾಗಾಗಿ ಅಳಿವೆಯಿಂದ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯಿಂದ ಶುರು ಮಾಡಿ. ಅಲ್ಲಿಂದ ಹಳೆಯ ಕಡವು. ಕಡವಿನಿಂದ ಮೇಲೆ ಬರುವ ದಾರಿ ಯಾವುದು ಎಂದು ಕೇಳಿ. ಆ ದಾರಿಯಲ್ಲೇ ಹಳೆಯ ಅಂಗಡಿ ಸಾಲು, ಪಳ್ಳಿ (ಮಸೀದಿ), ಕಟ್ಟೆ, ಭೂತಸ್ಥಾನ, ದೇವಸ್ಥಾನ ಸಿಗುವ ಸಾಧ್ಯತೆ ಜಾಸ್ತಿ. ಸೇತುವೆ ಆದ ಮೇಲೆ ಈ ದಾರಿಗಳು ಹಿತ್ತಿಲ ದಾರಿಗಳಾಗಿಬಿಟ್ಟಿವೆ.

ನಕ್ಷೆಗೆ ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ ನೋಡಿ. ಗುಡ್ಡ, ಹೊಳೆ, ದಾರಿ, ದೇವಸ್ಥಾನ, ಕೋಟೆ ಎಲ್ಲ ಗುರುತಿರುವ ಸರ್ಕಾರಿ ನಕ್ಷೆ ಅದು. 1:50,000 ಅಳತೆಯದ್ದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಿಂದಿನ ವರ್ಷಗಳ ಉಪಗ್ರಹ ಚಿತ್ರವೂ ಸಿಗುತ್ತದೆ. ಹೆದ್ದಾರಿ 66 ಅಗಲ ಮಾಡುವಾಗ ಬದಿಯಲ್ಲಿ ಏನೇನು ಹೋಯಿತು ಎಂದು ನೋಡಲು ಅದೇ ಒಳ್ಳೆಯ ದಾರಿ.

3. ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿ

ಹೆಚ್ಚಿನವರು ಬಾಗಿಲಿನ ಕೆತ್ತನೆ ನೋಡಿ ಫೋಟೋ ಹೊಡೆದು ಬಂದುಬಿಡುತ್ತಾರೆ. ವಯಸ್ಸು ಹೇಳುವುದು ಕೆತ್ತನೆ ಅಲ್ಲ. ಪಂಚಾಂಗ, ಅಂದರೆ ನೆಲಗಟ್ಟಿನಿಂದ ಶುರು ಮಾಡಿ.

ಕಲ್ಲು: ನಮ್ಮಲ್ಲಿ ಎಲ್ಲವೂ ಮುರಕಲ್ಲು, ಕೆಂಪುಕಲ್ಲು ಎಂದೂ ಹೇಳುತ್ತೇವೆ. ನೆಲದೊಳಗೆ ಇರುವಾಗ ಮೆತ್ತಗೆ, ಕತ್ತರಿಸಿ ಗಾಳಿಗೆ ಇಟ್ಟರೆ ಗಟ್ಟಿ. ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ತಿರುಗಿದ. ಮಲಬಾರಿನಲ್ಲಿ ಈ ಕಲ್ಲು ನೋಡಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಅವನೇ. ಅವನ ಪ್ರವಾಸದ ವಿವರ 1807ರಲ್ಲಿ ಅಚ್ಚಾಯಿತು. ಕಾಸರಗೋಡಿನ ಕರಾವಳಿಯನ್ನೂ ಹಾದು ಹೋದದ್ದರಿಂದ ನಿಮ್ಮೂರ ಹೆಸರು ಅದರಲ್ಲಿ ಇದೆಯೋ ನೋಡಿ. ಗೋಡೆಯಲ್ಲಿ ಕಲ್ಲಿನ ಅಂಚು ನೋಡಿ. ಕೈಯಿಂದ ಕೆತ್ತಿದ್ದರೆ ಕೊಡಲಿಯ ಗುರುತು ಓರೆಯಾಗಿ, ಒಂದೊಂದು ಒಂದೊಂದು ಥರ ಇರುತ್ತದೆ. ಯಂತ್ರದಲ್ಲಿ ಕೊಯ್ದದ್ದಾದರೆ ಗೆರೆ ನೇರ, ಎಲ್ಲ ಕಲ್ಲೂ ಒಂದೇ ಅಳತೆ.

ಗಾರೆ: ಹಳೆಯ ಗೋಡೆಯ ಸುಣ್ಣ ಚಿಪ್ಪು ಸುಟ್ಟು ಮಾಡಿದ್ದು. ಬಿರುಕಿನಲ್ಲಿ ಟಾರ್ಚು ಹಿಡಿದರೆ ಬಿಳಿ ಚಿಪ್ಪಿನ ಚೂರು ಕೆಲವೊಮ್ಮೆ ಹಾಗೇ ಕಾಣುತ್ತದೆ. ಬೂದು ಬಣ್ಣ, ಗಟ್ಟಿ ಅಂಚು ಕಂಡರೆ ಸಿಮೆಂಟು. ಹಳೆಯ ಮುರಕಲ್ಲಿಗೆ ಮೇಲಿಂದ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆ ಉದುರುತ್ತದೆ. ಮನೆಯವರು "ರಿಪೇರಿ ಮಾಡಿಸಬೇಕು" ಎಂದರೆ ಇದೊಂದು ಮಾತು ಹೇಳಿಬನ್ನಿ.

ಮಾಡು: ಇಲ್ಲಿಯೇ ಒಳ್ಳೆಯ ಸುಳಿವು ಸಿಗುವುದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ಇಲ್ಲಿ ಮುಳಿಹುಲ್ಲು, ಮಡಲು (ತೆಂಗಿನ ಗರಿ), ಇಲ್ಲವೇ ಕೈಯಲ್ಲಿ ಮಾಡಿದ ಸಣ್ಣ ಹಂಚು. ಮಂಗಳೂರು ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಕೆಲವದರಲ್ಲಿ ವರ್ಷವೂ ಒತ್ತಿರುತ್ತದೆ. ಬಾಸೆಲ್ ಮಿಷನ್ ಎಂದಿದ್ದರೆ ಅದು ಮೊದಲ ಮಹಾಯುದ್ಧದ ಕಾಲಕ್ಕಿಂತ ಹಿಂದಿನದು. ಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಹೋದವು. ಹಂಚಿನ ಮೇಲಿನ ಹೆಸರೂ ಬದಲಾಯಿತು.

ಆದರೆ ಇಲ್ಲೇ ಜನ ಎಡವುವುದು. ಹಂಚು ಹೇಳುವುದು ಹಂಚಿನ ವಯಸ್ಸನ್ನು. ಗೋಡೆ ಅದಕ್ಕಿಂತ ಹಳೆಯದಿರಬಹುದು, ಮೊದಲು ಮುಳಿಮಾಡು ಇದ್ದಿರಬಹುದು. ಗೋಡೆ ಹೊಸದೂ ಇರಬಹುದು, ಹಳೆಯ ಮನೆ ಕಳಚಿದ ಹಂಚನ್ನು ತಂದು ಹೊದಿಸಿರಬಹುದು. ಹಂಚು, ಪಕ್ಕಾಸು (ಮಾಡಿನ ಮರದ ಪಟ್ಟಿ), ದಾರಂದ (ಬಾಗಿಲ ಚೌಕಟ್ಟು), ಇವು ಮನೆಯಿಂದ ಮನೆಗೆ ಹೋಗುವ ವಸ್ತುಗಳು. ಒಂದೇ ಗುರುತು ಹಿಡಿದು ವರ್ಷ ಹೇಳಬೇಡಿ. ಕಲ್ಲು, ಗಾರೆ, ಮರ, ಹಂಚು ನಾಲ್ಕೂ ಒಂದೇ ಕಡೆ ಬೊಟ್ಟು ಮಾಡಿದರೆ ಆಗ ಹೇಳಿ. ಹಂಚು ನೋಡುತ್ತೇನೆಂದು ಮಾಡಿಗೆ ಹತ್ತುವುದಂತೂ ಬೇಡವೇ ಬೇಡ. ಕೊಟ್ಟಿಗೆಯ ಹಿಂದೆ ಒರಗಿಸಿಟ್ಟ ಒಡೆದ ಹಂಚು ಪ್ರತಿ ಮನೆಯಲ್ಲೂ ಇರುತ್ತದೆ.

ದೇವಸ್ಥಾನಗಳಲ್ಲಿ ಗರ್ಭಗುಡಿಯ ಆಕಾರ ಗಮನಿಸಿ: ಚೌಕವೋ, ದುಂಡೋ, ಹಿಂದೆ ಅರ್ಧ ದುಂಡಾದ ಗಜಪೃಷ್ಠವೋ. ಗಜಪೃಷ್ಠ ಅಂದರೆ ಆನೆಯ ಬೆನ್ನಿನ ಆಕಾರ. ಮಧೂರಿನ ಮದನಂತೇಶ್ವರ ದೇವಸ್ಥಾನ ಕಡಲಿಂದ ಒಳಗೆ ಇದ್ದರೂ ಒಮ್ಮೆ ನೋಡಿಬನ್ನಿ, ಕಣ್ಣಿಗೆ ಅಭ್ಯಾಸ ಆಗುತ್ತದೆ. ಹಳೆಯ ಪಳ್ಳಿಗಳ ಮಾಡನ್ನೂ ಹಾಗೇ ನೋಡಿ. ಅಂತಸ್ತಿನ ಇಳಿಮಾಡು, ಮರದ ಮುಚ್ಚಿಗೆ, ಕೆತ್ತಿದ ದಾರಂದ ಎರಡು ಕಡೆಯೂ ಸಿಗುತ್ತವೆ. ಅದೇ ಮಳೆ, ಅದೇ ಮರ, ಎಷ್ಟೋ ಕಡೆ ಅದೇ ಮರಗೆಲಸದ ಆಚಾರಿಗಳು.

ಇನ್ನು ಕಟ್ಟಡ ಎಂದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು: ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ಹೊರಗೆ ಹರಿಸುವ ಈ ಗುಹೆಗಳು ಕಾಸರಗೋಡಿನ ಗುಡ್ಡಗಳಲ್ಲಿ ಇರುವಷ್ಟು ಬೇರೆ ಕಡೆ ಕಾಣುವುದು ಅಪರೂಪ. ಕಡಲ ಬದಿಯ ಮರಳು ನೆಲದಲ್ಲಿ ಇರುವುದಿಲ್ಲ, ಗುಡ್ಡದ ಬುಡಕ್ಕೆ ಬಂದರೆ ಸಿಗುತ್ತವೆ. ಯಾರು ಕೊರೆದರು, ಎಷ್ಟು ಕೋಲು (ಹಳೆಯ ಅಳತೆ) ಉದ್ದ, ಬೇಸಿಗೆಯಲ್ಲಿ ನೀರು ಇರುತ್ತದಾ ಎಂದು ಕೇಳಿ ಬರೆಯಿರಿ. ಒಳಗೆ ಹೋಗಬೇಡಿ. ಗಾಳಿ ಕಮ್ಮಿ, ಹಾವು ಇರುತ್ತದೆ, ಮಣ್ಣು ಕುಸಿಯುತ್ತದೆ.

4. ಬರಹ ಇರುವ ಕಲ್ಲು ಸಿಕ್ಕಿದರೆ

ಶಾಸನ ಅಂದ ಕೂಡಲೇ ಸೀಮೆಸುಣ್ಣ ತಂದು ಅಕ್ಷರದ ಮೇಲೆ ಎಳೆಯುವವರಿದ್ದಾರೆ. ಎಣ್ಣೆ ಹಚ್ಚುವವರು, ತಂತಿ ಬ್ರಷ್ಷಿನಿಂದ ತಿಕ್ಕುವವರು ಕೂಡ. ಇದು ಯಾವುದೂ ಬೇಡ. ತಪ್ಪಾಗಿ ಎಳೆದ ಗೆರೆ ಮುಂದೆ ಓದುವವರ ದಾರಿಯನ್ನೂ ತಪ್ಪಿಸುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿಗೆ ಫೋಟೋ ತೆಗೆಯಿರಿ. ಮಧ್ಯಾಹ್ನ ಅಕ್ಷರವೇ ಕಾಣುವುದಿಲ್ಲ. ನೆರಳಲ್ಲಿದ್ದರೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹತ್ತಿರ ಹಿಡಿಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಟೇಪು ಇಡಿ. ಓದುವುದು ನಿಮ್ಮಿಂದ ಆಗದಿದ್ದರೆ ಪರವಾಗಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ. ಫೋಟೋ, ಜಾಗದ ವಿವರ ಕಳಿಸಿ ಕೇಳಬಹುದು.

ಎಲ್ಲವೂ ಕನ್ನಡ ಲಿಪಿಯೇ ಎಂದುಕೊಳ್ಳಬೇಡಿ. ತುಳು ಲಿಪಿ ಇರಬಹುದು, ತೆಂಕಿಗೆ ಹೋದ ಹಾಗೆ ವಟ್ಟೆಳುತ್ತು ಎಂಬ ಹಳೆಯ ಲಿಪಿ ಇರಬಹುದು, ಪಳ್ಳಿಯಲ್ಲಿ ಅರಬಿ ಅಕ್ಷರದಲ್ಲಿ ಬರೆದ ಮಲಯಾಳಂ ಇರಬಹುದು.

ವರ್ಷದ ಲೆಕ್ಕದಲ್ಲಿ ನಮ್ಮವರು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ಒಂದೇ ಊರಲ್ಲಿ ನಾಲ್ಕು ಲೆಕ್ಕ ಇರುತ್ತದೆ, ಅಲ್ವಾ?

ಶಕ ವರ್ಷಕ್ಕೆ 78 ಕೂಡಿಸಿ. ಶಕ 1800 ಅಂದರೆ 1878-79. ಸಂವತ್ಸರದ ಹೆಸರು ಇದ್ದರೆ ತಾಳೆ ನೋಡಿ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, ಶಕ 1800ಕ್ಕೆ ಬಹುಧಾನ್ಯ ಬರಬೇಕು. ಬರೀ ಸಂವತ್ಸರ ಇದ್ದು ಶಕ ಇಲ್ಲದಿದ್ದರೆ ವರ್ಷ ಹೇಳಲು ಹೋಗಬೇಡಿ.

ಕೊಲ್ಲವರ್ಷ, ಅಂದರೆ ಮಲಯಾಳಂ ವರ್ಷಕ್ಕೆ 825 ಕೂಡಿಸಿ. ಅದು ಆಗಸ್ಟ್ ನಡುವಿನಲ್ಲಿ ಶುರುವಾಗುವುದರಿಂದ ಡಿಸೆಂಬರಿನವರೆಗಿನ ತಿಂಗಳುಗಳಿಗೆ 824. ಮಲಯಾಳಂ ಮಾತಾಡುವ ಹಿರಿಯರು "ತೊಂಬತ್ತೊಂಬತ್ತರ ನೆರೆ" ಎನ್ನುವುದು ಕೊಲ್ಲವರ್ಷ 1099ರ ನೆರೆ. ಅದು 1924ರ ಜುಲೈ. 1999 ಎಂದು ಬರೆದುಬಿಟ್ಟೀರಿ, ಜೋಕೆ.

ಹಿಜರಿಗೆ ಸುಮ್ನೆ ಕೂಡಿಸಿದರೆ ಆಗುವುದಿಲ್ಲ. ಅದು ಚಂದ್ರನ ವರ್ಷ, ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿ. ಹಿಜರಿ 1300 ಹೀಗೆ 1883 ಆಗುತ್ತದೆ. ಒಂದು ವರ್ಷ ಆಚೀಚೆ ಇರಬಹುದು.

5. ಕಾಗದ ಕೇಳುವ ಮೊದಲು

"ನಿಮ್ಮ ಜಾಗೆಯ ಹಳೆ ಪತ್ರ ತೋರಿಸಿ" ಎಂದು ಹೋಗಿ ಕೇಳಿದರೆ ಯಾರಾದರೂ ಸಂಶಯ ಪಡುತ್ತಾರೆ. ಪಾಲಿನ ತಕರಾರು, ಕೇಸು ಇಲ್ಲದ ಮನೆ ಎಲ್ಲಿದೆ? ಮೊದಲು ಮನೆಯ ಬಗ್ಗೆ ಮಾತಾಡಿ. ಹಳೆಯ ಫೋಟೋ, ಮದುವೆ ಕಾಗದ, ಯಕ್ಷಗಾನದ ಕರಪತ್ರ, ಶಾಲೆಯ ಸರ್ಟಿಫಿಕೇಟು ಕೇಳಿ. ಜಾಗೆಯ ಪತ್ರ ಅವರಾಗಿಯೇ ತೆಗೆದರೆ ಮಾತ್ರ ನೋಡಿ. ಸರ್ವೆ ನಂಬ್ರ, ಪಾಲುದಾರರ ಹೆಸರು ಯಾವತ್ತೂ ಪ್ರಕಟಿಸಬೇಡಿ.

ಕೆಲವು ಮಾತು ಗೊತ್ತಿದ್ದರೆ ಓದುವುದು ಸುಲಭ. ವರ್ಗ ಅಂದರೆ ಸರ್ಕಾರಕ್ಕೆ ತೀರ್ವೆ (ಭೂಕಂದಾಯ) ಕಟ್ಟುವ ಜಾಗೆಯ ಖಾತೆ. ಮೂಲಗೇಣಿ ಅಂದರೆ ತಲೆತಲಾಂತರಕ್ಕೆ ಬಿಟ್ಟ ಗೇಣಿ, ಒಡೆಯ ಬಿಡಿಸಿಕೊಳ್ಳುವ ಹಾಗಿಲ್ಲ. ಚಾಲಗೇಣಿ ಅಂದರೆ ಒಡೆಯನಿಗೆ ಬೇಡವಾದಾಗ ಬಿಡಿಸಬಹುದಾದ ಗೇಣಿ. ಕೇರಳದಲ್ಲಿ 1970ರ ಜನವರಿ 1ರಿಂದ ಈ ಗೇಣಿಗಳೆಲ್ಲ ನಿಂತು ಉಳುವವರಿಗೆ ಹಕ್ಕು ಬಂತು. ದೊಡ್ಡ ಗುತ್ತಿನ ಮನೆ (ಹಿಂದಿನ ಜಮೀನುದಾರರ ಮನೆ) ಇದೆ, ಸುತ್ತ ಗದ್ದೆ ಮಾತ್ರ ಬೇರೆಯವರದ್ದು ಅಂತ ಕಂಡರೆ ಕಾರಣ ಎಷ್ಟೋ ಸಲ ಇದೇ.

ಮನೆಯ ಹೊರಗೆ ಹುಡುಕುವುದಾದರೆ ಮೊದಲು ಊರಿನ ಹಳೆಯ ಶಾಲೆ. ದಾಖಲಾತಿ ಪುಸ್ತಕದಲ್ಲಿ ತಂದೆಯ ಕಸುಬು, ಮನೆಯ ಹೆಸರು ಇರುತ್ತದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು. ವಿಲೇಜ್ ಆಫೀಸಿನ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ಮದ್ರಾಸ್ ಸರ್ಕಾರದ ಕಾಲದ ದೊಡ್ಡ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲೆ ಕಚೇರಿಯಲ್ಲಿವೆ. ಅಷ್ಟು ದೂರ ಹೋಗುವ ಮೊದಲು ಸ್ಟರಾಕ್ 1894ರಲ್ಲಿ ತಂದ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನ್ಯುಯಲ್ ನೋಡಿ. ಇಂಗ್ಲಿಷರು ಊರಿನ ಹೆಸರನ್ನು ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. ಒಂದು ಸ್ಪೆಲ್ಲಿಂಗಿನಲ್ಲಿ ಸಿಗದಿದ್ದರೆ ನಾಲ್ಕು ಥರ ಹುಡುಕಿ.

ಮಂಜೇಶ್ವರದ ಕಡೆಯವರು ಗೋವಿಂದ ಪೈಗಳ ಮನೆ, ಈಗಿನ ಗಿಳಿವಿಂಡು ಸ್ಮಾರಕಕ್ಕೆ ಒಮ್ಮೆ ಹೋಗಿ. ಕವಿ ಎಂದಷ್ಟೇ ನಾವು ಶಾಲೆಯಲ್ಲಿ ಓದಿದ್ದು. ಶಾಸನ, ಕಾಲನಿರ್ಣಯದ ಹಿಂದೆ ಬಿದ್ದ ಸಂಶೋಧಕರೂ ಹೌದು ಅವರು.

6. ಹಿರಿಯರ ಹತ್ತಿರ ಕೂತಾಗ

ಅವರ ಮನೆಮಾತಿನಲ್ಲೇ ಕೇಳಿ. ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಯಾವುದಾದರೂ ಸರಿ. ನಿಮಗೆ ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿ. ಕನ್ನಡಕ್ಕೆ ತಿರುಗಿಸಿ ಹೇಳುವಾಗ ಅಜ್ಜಿಯರು ಅರ್ಧ ನುಂಗುತ್ತಾರೆ. ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ.

"ಯಾವ ಇಸವಿ?" ಎಂಬ ಪ್ರಶ್ನೆ ಬೇಡ. ರೈಲು ಬಂದ ಮೇಲೋ, ಯುದ್ಧದ ರೇಷನ್ ಕಾಲವೋ, ಕೇರಳಕ್ಕೆ ಸೇರಿದ ವರ್ಷವೋ, ನಿಮಗೆ ಮದುವೆ ಆಗಿತ್ತಾ, ಹೀಗೆ ಕೇಳಿ. ಕಡವು ಯಾರು ನಡೆಸುತ್ತಿದ್ದರು, ಸಂತೆ ಎಲ್ಲಿ, ಕೊಪ್ಪರ ಯಾವ ದಾರಿಯಲ್ಲಿ ಹೋಗುತ್ತಿತ್ತು, ಬಾವಿಯಿಂದ ಯಾರಿಗೆ ನೀರು ಸೇದಲು ಬಿಡುತ್ತಿರಲಿಲ್ಲ. ಕೊನೆಯ ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ. ಕೇಳಲೇಬೇಕು. ಅದನ್ನು ಬಿಟ್ಟರೆ ಊರಿನ ಚರಿತ್ರೆ ಅಂದರೆ ಗುತ್ತಿನ ಮನೆಯವರ ಚರಿತ್ರೆ ಅಷ್ಟೇ ಆಗುತ್ತದೆ. ಬೆಸ್ತರ ಕೇರಿ, ಮೂರ್ತೆಯವರ (ಕಳ್ಳು ಇಳಿಸುವವರ) ಮನೆ, ಬೀಡಿ ಕಟ್ಟಿದ ಹೆಂಗಸರು, ಇವರ ಹತ್ತಿರ ಮೊದಲು ಹೋದರೆ ಇನ್ನೂ ಒಳ್ಳೆಯದು.

7. ದೇವರ, ದೈವದ ಜಾಗಗಳಲ್ಲಿ

ದೇವಸ್ಥಾನದ ಒಳಗೆ ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಫೋನು ಒಳಗೆ ಬೇಡ. ಪಳ್ಳಿಗೆ ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಬೇರೆ ದಿನ ಕಮಿಟಿಯ ಸೆಕ್ರೆಟರಿಯನ್ನು ಕೇಳಿ ಹೋಗಿ. ಹೆಂಗಸರಿಗೆ ಎಲ್ಲಿವರೆಗೆ ಬಿಡುತ್ತಾರೆ ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ನಾಗಬನದ ಒಳಗೆ ಕಾಲಿಡಬೇಡಿ, ಹೊರಗಿನಿಂದ ಬರೆದುಕೊಂಡರೆ ಸಾಕು. ಕೋಲ (ದೈವದ ಆರಾಧನೆ) ನೋಡಿ ಭೂತಸ್ಥಾನದ ಬಗ್ಗೆ ಬರೆಯುವುದಿದ್ದರೆ ಪತ್ತನಾಜೆಗೆ ಮೊದಲು, ಅಂದರೆ ಮೇ ಕೊನೆಯ ವಾರದ ಒಳಗೆ ಮುಗಿಸಿ. ಆಮೇಲೆ ಕೋಲ ಇಲ್ಲ.

8. ಕಾನೂನು, ನಿಧಿ, ಇತ್ಯಾದಿ

ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯದ್ದು. ಇಂಥ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಆಮೇಲಿನ 200 ಮೀಟರ್‌ಗೆ ಅನುಮತಿ ಬೇಕು. ಚಂದ್ರಗಿರಿ ಕೋಟೆ ಕೇರಳ ಪುರಾತತ್ವ ಇಲಾಖೆಯ ಕೈಯಲ್ಲಿದೆ.

ಕೋಟೆ ಎಂದರೆ ನಿಧಿ ಎಂದು ನಂಬಿ ರಾತ್ರಿ ಅಗೆಯುವವರು ಇಂದಿಗೂ ಇದ್ದಾರೆ. ಹಾಗಾಗಿ ಪಾಳು ಜಾಗದಲ್ಲಿ ನೀವು ಟೇಪು, ಟಾರ್ಚು ಹಿಡಿದು ತಿರುಗಿದರೆ ಊರವರು ತಡೆದು ಕೇಳುವುದು ಸಹಜ. ಹೋಗುವ ಮೊದಲು ವಾರ್ಡ್ ಮೆಂಬರಿಗೆ ಒಂದು ಮಾತು ಹೇಳಿ. ಹಗಲಲ್ಲೇ ಹೋಗಿ, ಜೊತೆಗೆ ಊರಿನವರೊಬ್ಬರು ಇರಲಿ. ನೆಲದಲ್ಲಿ ನಾಣ್ಯ, ಮಡಕೆ ಚೂರು ಕಂಡರೆ ಎತ್ತಿಕೊಳ್ಳಬೇಡಿ. ಇದ್ದಲ್ಲೇ ಫೋಟೋ ತೆಗೆಯಿರಿ. ನಿಧಿ ಎನ್ನುವಂಥದ್ದು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಅಪರಾಧ. ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕೆತ್ತನೆ, 75 ವರ್ಷ ದಾಟಿದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ಒಳಗೆ ಬರಬಹುದು. ಯಾರಾದರೂ "ಮಾರಿಕೊಡ್ತೀರಾ" ಎಂದರೆ ಆ ಮಾತಿಗೆ ಹೋಗಬೇಡಿ.

9. ಬರೆದಿಡುವಾಗ

ಪ್ರತಿ ಜಾಗಕ್ಕೂ ಒಂದು ಪುಟ. ಅದರಲ್ಲಿ ಮೂರು ಭಾಗ: ಕಣ್ಣಿಗೆ ಕಂಡದ್ದು, ಜನ ಹೇಳಿದ್ದು, ಬರಹದಲ್ಲಿ ಇರುವುದು. ಮೂರನ್ನೂ ಬೆರೆಸಬೇಡಿ. "ಕೆಳದಿ ಕಾಲದ ಬಾವಿ" ಎಂದು ಒಂದೇ ಸಾಲಿನಲ್ಲಿ ಬರೆದರೆ ಅದು ಯಾವ ಭಾಗದ್ದು ಎಂದು ಎರಡು ವರ್ಷ ಕಳೆದ ಮೇಲೆ ನಿಮಗೇ ನೆನಪಿರುವುದಿಲ್ಲ. ಹೇಳಿದವರ ಹೆಸರು, ದಿನಾಂಕ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ಪ್ರಕಟಿಸುವಾಗ ಒಪ್ಪಿಗೆ ಇದ್ದರೆ ಮಾತ್ರ ಹೆಸರು ಹಾಕಿ.

ಫೋಟೋ ಫೈಲಿಗೆ ಜಾಗ ಮತ್ತು ದಿನಾಂಕ ಸೇರಿಸಿ ಹೆಸರಿಡಿ, ಅದೇ ದಿನ ರಾತ್ರಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಚಿಕ್ಕದಾಗಿ, ಅಕ್ಷರ ಮಸುಕಾಗಿಬಿಡುತ್ತದೆ. ಮೂಲ ಫೈಲು ಬೇರೆ ಇಟ್ಟುಕೊಳ್ಳಿ. ಮನೆಯವರ ಕಾಗದ ಎರವಲು ತರಬೇಡಿ, ಅಲ್ಲೇ ಕೂತು ಫೋಟೋ ತೆಗೆದು ಅಲ್ಲೇ ಕೊಟ್ಟು ಬನ್ನಿ. ಅಚ್ಚು ಹಾಕಿಸಿದ ಒಂದು ಪ್ರತಿ ಆ ಮನೆಗೆ, ಒಂದು ಊರಿನ ಗ್ರಂಥಾಲಯಕ್ಕೆ ಕೊಡಿ. ಊರಲ್ಲಿ ಕನ್ನಡ ಓದದವರೂ ಇದ್ದಾರಲ್ಲ, ಮಲಯಾಳಂನಲ್ಲಿ ಒಂದು ಪುಟದ ಸಾರಾಂಶ ಜೊತೆಗಿಟ್ಟರೆ ತಪ್ಪು ತಿದ್ದಿ ಹೇಳುವವರು ಇನ್ನಷ್ಟು ಜನ ಸಿಗುತ್ತಾರೆ.